ಜಾಲಿಯ ಗುತ್ತಿಗೆ ಮತ್ತು ನಮ್ಮ ಬನ್ನಿ

ಆ ಬೋರ್ಡನ್ನು ನಾನು ಮೊದಲು ನೋಡಿದ್ದು ಸಂಡಿಗೆ ಹಾಕಲು ಮಾಳಿಗೆ ಹತ್ತಿದ ಬೆಳಿಗ್ಗೆ. ನಮ್ಮ ಮನೆ ಹೊಸಪೇಟೆಯ ಅಂಚಿನಲ್ಲಿ, ಕಂಪ್ಲಿ ರಸ್ತೆಯ ಕಡೆಗಿದೆ. ಹಿತ್ತಲ ಬಾಗಿಲು ತೆರೆದರೆ ಹಳೆಯ ಕಾಲುವೆ, ಅದರ ಮೇಲೆ ಕಲ್ಲುಚಪ್ಪಡಿಯ ಸಣ್ಣ ಸೇತುವೆ, ಆಚೆ ದಂಡೆಗೆ ಉದ್ದಕ್ಕೂ ಸರ್ಕಾರದ ಜಾಗ. ಇಬ್ಬರು ಆಳುಗಳು ಅಲ್ಲಿ ಗುಂಡಿ ತೋಡಿ ಹಸಿರು ತಗಡಿನ ಬೋರ್ಡು ನಿಲ್ಲಿಸುತ್ತಿದ್ದರು. ಒಬ್ಬ ಹಿಡಿದುಕೊಂಡಿದ್ದ, ಇನ್ನೊಬ್ಬ ದೂರ ನಿಂತು ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡುತ್ತಿದ್ದ. ಹಿಟ್ಟು ಅಂಟಿದ ಕೈಯನ್ನು ಹಣೆಗೆ ಅಡ್ಡ ಹಿಡಿದು ಓದಿದೆ: 'ಆಕ್ರಮಣಕಾರಿ ಜಾಲಿ ತೆರವು ಕಾಮಗಾರಿ'. ಕೆಳಗೆ ಯೋಜನೆಯ ಹೆಸರು, ಅನುದಾನದ ಮೊತ್ತ, ಗುತ್ತಿಗೆದಾರರ ಹೆಸರು. ಮೊತ್ತದ ಸಾಲಿನಲ್ಲಿ ಬಣ್ಣ ಸೋರಿ ಸೊನ್ನೆಗಳೆಲ್ಲ ಒಂದರೊಳಗೊಂದು ಇಳಿದಿದ್ದವು.

ಅವತ್ತು ನನಗೆ ಸಂತೋಷವೇ ಆಯಿತು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಆ ದಂಡೆಯ ಮೇಲೆ ಹುಲ್ಲಿತ್ತು, ಎಮ್ಮೆಗಳು ಮೇಯುತ್ತಿದ್ದವು, ಮಧ್ಯದಲ್ಲಿ ಮೂರು ಬನ್ನಿ ಮರಗಳು ಒಂದಕ್ಕೊಂದು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ನಿಂತಿದ್ದವು. ಆಮೇಲೆ ಜಾಲಿ ಬಂತು. ಹಳ್ಳದ ಕಡೆಯಿಂದ ಶುರುವಾಗಿ, ಆಡುಗಳು ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟಿ, ಕಾಲುವೆಯ ಕಲ್ಲುಗಳ ಸಂದಿಯಲ್ಲೂ ಬೇರಿಳಿಸಿತು. ನಮ್ಮ ಯಜಮಾನರ ಸ್ಕೂಟರಿನ ಟಯರು ಪಂಕ್ಚರ್ ಆದಾಗೆಲ್ಲ ಅದೇ ಮುಳ್ಳು. ಬೇರೆ ಜಿಲ್ಲೆಯವರು ಈ ಗಿಡಕ್ಕೆ ಬಳ್ಳಾರಿ ಜಾಲಿ ಅನ್ನುತ್ತಾರಂತೆ. ನಮ್ಮ ಹಳೆಯ ಜಿಲ್ಲೆಯ ಹೆಸರು ಹೊತ್ತುಕೊಂಡು ಊರೂರು ತಿರುಗುವ ಮುಳ್ಳು. ಎದುರು ಮನೆಯ ಅಕ್ಕ ಆಂಧ್ರದ ಗಡಿಯಿಂದ ಬಂದವರು. ಅವರ ಬಾಯಲ್ಲಿ ಅದು 'ಸರ್ಕಾರು ತುಮ್ಮ'.

"ಸರ್ಕಾರದ ಹೆಸರ್ಯಾಕ ಇಟ್ರು ಇದಕ್ಕ?" ಎಂದು ನಾನೊಮ್ಮೆ ಕೇಳಿದ್ದೆ.

ಉತ್ತರ ಕೊಟ್ಟದ್ದು ನಮ್ಮ ಅತ್ತೆ. "ಸರ್ಕಾರದವ್ರ ತಂದು ಬೀಜ ಚೆಲ್ಲಿದ್ರವ್ವ. ನಾ ಸಣ್ಣಾಕಿ ಇದ್ದೆ. ಉರುವಲಿಗೆ ಆಗತೈತಿ, ಬೆಳಸ್ರಿ ಅಂದ್ರು. ಈಗ ತಗಿಯಾಕ ಮತ್ತ ಅವರದ ರೊಕ್ಕ. ಲಗ್ನ ಮಾಡಿಸಿದವ್ರ ಬಿಡಿಸೂ ಸೋಡಚೀಟಿನೂ ಬರಸಿದಂಗಾತು."

ಅತ್ತೆಗೆ ಈಗ ಕಣ್ಣು ಕಾಣುವುದಿಲ್ಲ. ಬೆಳಕು, ನೆರಳು ಇಷ್ಟೇ ಗೊತ್ತಾಗುತ್ತದೆ. ಮನೆಯೊಳಗೆ ಗೋಡೆ ಸವರಿಕೊಂಡು ಓಡಾಡುತ್ತಾರೆ, ಹೊರಗೆ ಹೋಗಬೇಕಾದರೆ ಯಾರದಾದರೂ ಕೈ ಬೇಕು. ಒಂದು ಜಾಗಕ್ಕೆ ಮಾತ್ರ ಯಾರ ಕೈಯೂ ಬೇಡ. ನಮ್ಮ ಯಜಮಾನರು ಹಿತ್ತಲ ಬಾಗಿಲ ಚೌಕಟ್ಟಿನಿಂದ ಸೇತುವೆಯ ಮೇಲೆ ಹಾಯಿಸಿ, ಮೂರನೆಯ ಬನ್ನಿ ಮರದ ತನಕ ಒಂದು ನೀಲಿ ನೈಲಾನ್ ಹಗ್ಗ ಕಟ್ಟಿಕೊಟ್ಟಿದ್ದಾರೆ. ಅತ್ತೆ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು ಬೆಳಿಗ್ಗೆ ಒಬ್ಬರೇ ಹೋಗುತ್ತಾರೆ. ನವರಾತ್ರಿಯ ಒಂಬತ್ತು ದಿನ ಓಣಿಯ ಹೆಂಗಸರೆಲ್ಲ ಬನ್ನಿಗೆ ನೀರು ಹಾಕಿ ಸುತ್ತುತ್ತೇವೆ. ಅತ್ತೆಗೆ ವರ್ಷವಿಡೀ ನವರಾತ್ರಿ. ಕಾಂಡದ ಮೇಲೆ ಅಂಗೈ ಇಟ್ಟುಕೊಂಡೇ ಸುತ್ತು ಹಾಕುತ್ತಾರೆ. ಅವರ ಅಂಗೈ ತಾಗುವ ಎತ್ತರದಲ್ಲಿ ತೊಗಟೆ ನಯವಾಗಿಬಿಟ್ಟಿದೆ. ಮರದ ಬುಡದಲ್ಲಿ ಒಂದಿಷ್ಟು ಹೊತ್ತು ಕುಳಿತು, ಎಲೆಅಡಿಕೆ ಹಾಕಿಕೊಂಡು, ಹಗ್ಗ ಹಿಡಿದು ವಾಪಸು. ಆ ಹೊತ್ತಿನಲ್ಲಿ ಅವರು ಯಾರ ಹಂಗಿನಲ್ಲೂ ಇಲ್ಲ. ಬರುಬರುತ್ತ ಜಾಲಿ ಆ ಹಗ್ಗದ ದಾರಿಗೂ ಕೊಂಬೆ ಚಾಚುತ್ತಿತ್ತು. ಒಮ್ಮೆ ಅವರ ಮೊಣಕೈ ಸೀಳಿ ಎರಡು ದಿನ ಬಾತುಕೊಂಡಿತ್ತು. ಹಾಗಾಗಿ ಜಾಲಿ ತೆಗೆಯುತ್ತಾರೆ ಅಂದರೆ ನನಗೆ ಖುಷಿಯಾಗದೆ ಇನ್ನೇನು?

ಬೋರ್ಡಿನ ಮೇಲಿದ್ದ ಹೆಸರು ಹೇಳಿದಾಗ ಅತ್ತೆಗೆ ಇನ್ನೂ ಖುಷಿ. ಗುತ್ತಿಗೆದಾರ ಅವರ ತಂಗಿಯ ಮಗ. ತಂಗಿ ತೀರಿಕೊಂಡು ಭಾಳ ವರ್ಷವಾಗಿದೆ. ಅವನು ಮರುದಿನವೇ ಕಾರಿನಲ್ಲಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾನು ಕೊಟ್ಟ ಸಂಡಿಗೆ ಕುರುಂ ಕುರುಂ ತಿನ್ನುತ್ತ ಕಾಲ ಮೇಲೆ ಕಾಲು ಹಾಕಿ ಕೂತ.

"ನೋಡ್ತಿರು ದೊಡ್ಡವ್ವ, ಒಂದ ವಾರದಾಗ ಮೈದಾನ ಮಾಡಿಕೊಡ್ತೀನಿ. ಮಾರ್ಚ್ ಮುಗಿಯೂದರೊಳಗ ಬಿಲ್ ಆಗಬೇಕು. ಇಲ್ಲಾಂದ್ರ ಅನುದಾನ ವಾಪಸ್ ಹೋಗತೈತಿ."

"ಮೈದಾನ ಮಾಡಪ್ಪ, ಒಳ್ಳೇದಾಗ್ಲಿ. ನಮ್ಮ ಬನ್ನಿ ಜ್ವಾಕಿ."

"ಅಯ್ಯ, ಅದನ್ನ ನನಗ ಹೇಳ್ತೀಯೇನು ದೊಡ್ಡವ್ವ?"

ಜೆಸಿಬಿ ಬಂದ ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಅದರ ಸದ್ದು ಕೇಳಿಸುತ್ತಲೇ ಇತ್ತು. ಕೆಲಸ ನಡೆದಿದೆ ಅಂದುಕೊಂಡೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವಾಗ ನೆಲ ಸಣ್ಣಗೆ ಅದುರಿತು. ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಎದ್ದೆ. ಹಿತ್ತಲಿಗೆ ಬಂದು ನೋಡಿದರೆ ಹಳ್ಳದ ಕಡೆಯ ಜಾಲಿಯ ಪೊದೆ ಹಾಗೇ ಇದೆ, ಒಂದು ಕೊಂಬೆಯೂ ಅಲುಗಿಲ್ಲ. ಬಯಲಲ್ಲಿದ್ದ ಎರಡು ಬನ್ನಿ ಮರಗಳು ಬೇರು ಸಮೇತ ಕಿತ್ತು ಬಿದ್ದಿವೆ. ಬೇರಿನ ಮಣ್ಣು ಇನ್ನೂ ಹಸಿ, ಕಪ್ಪಗೆ ಉದುರುತ್ತಿದೆ. ಜೆಸಿಬಿ ಮೂರನೆಯ ಮರದ ಕಡೆ ಮುಖ ಮಾಡಿದೆ. ನಮ್ಮ ನೀಲಿ ಹಗ್ಗ ತುಂಡಾಗಿ ಅದರ ಚಕ್ರಕ್ಕೆ ಸುತ್ತಿಕೊಂಡಿದೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಹೆಣ್ಣುಮಕ್ಕಳ ಮಾತು ಪಕ್ಕದ ಬೆಂಚಿಗೆ ಮಾತ್ರ ಕೇಳಬೇಕು ಎಂದು ಸಿಸ್ಟರುಗಳು ಕಲಿಸಿದ್ದು ಇವತ್ತಿಗೂ ನನ್ನ ಗಂಟಲಲ್ಲಿ ಕೂತಿದೆ. ಎಷ್ಟು ಕೂಗಿದರೂ ಆ ಇಂಜಿನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಹಿಟ್ಟಿನ ಕೈ ಬೀಸುತ್ತ ಅಡ್ಡ ಹೋಗಿ ನಿಂತೆ. ಡ್ರೈವರು ಇಂಜಿನ್ ಆರಿಸಿ ಕೆಳಗೆ ಬಗ್ಗಿದ.

"ಏನ್ರಿ ಅಕ್ಕಾರ?"

"ಇದು ಬನ್ನಿ ಮರ ಅಲ್ಲೇನ್ರಿ? ಜಾಲಿ ಅಲ್ಲಿ ಐತಿ ನೋಡ್ರಿ!"

"ಮುಳ್ಳು ಇದ್ದದ್ದೆಲ್ಲ ತಗೀ ಅಂದಾರ್ರಿ. ಇದಕ್ಕೂ ಮುಳ್ಳು ಐತಿ. ಆ ಪೊದಿಯಾಗ ಗಾಡಿ ಒಯ್ದ್ರ ಟಯರ್ ಹೋಗತಾವ, ಯಾರ ಕೊಡ್ತಾರ? ಎಕರೆ ಲೆಕ್ಕ ಐತ್ರಿ. ಬಯಲು ಕಂಡ್ರ ಆತು."

ಅಷ್ಟರಲ್ಲಿ ನಮ್ಮ ಅತ್ತೆ ಬಂದಿದ್ದರು. ಹಗ್ಗ ಇಲ್ಲದ ದಾರಿಯಲ್ಲಿ, ಎದುರು ಮನೆಯ ಅಕ್ಕನ ಭುಜ ಹಿಡಿದು. ಮರವನ್ನು ಕೈಯಿಂದ ಹುಡುಕಿ, ಬೆನ್ನು ಆನಿಸಿ, ಕಾಲು ಚಾಚಿ ಕುಳಿತುಬಿಟ್ಟರು. ಸಂಚಿ ಬಿಚ್ಚಿ ಅಡಿಕೆ ಆರಿಸತೊಡಗಿದರು.

"ಮುಳ್ಳಿದ್ದದ್ದೆಲ್ಲ ತಗೀ ಅಂದಾರೇನಪ್ಪ? ನನಗೂ ಭಾಳ ಮುಳ್ಳು ಅದಾವ. ನನ್ನ ಸೊಸಿನ್ನ ಕೇಳು. ಮೊದ್ಲ ನನ್ನ ತಗದು ಆಮ್ಯಾಗ ಮರಕ್ಕ ಬಾ."

ಡ್ರೈವರು ನನ್ನ ಮುಖ ನೋಡಿದ. ಅವನು ಗಾಡಿ ಹಿಂದೆ ತಿರುಗಿಸಿದ. ಮಧ್ಯಾಹ್ನದ ರೊಟ್ಟಿ ಕರಕಾಗಿತ್ತು. ಅವತ್ತು ಎಲ್ಲರೂ ತಕರಾರು ತೆಗೆಯದೆ ಅದನ್ನೇ ತಿಂದರು.

ಜಾಲಿಯನ್ನು ಮುಟ್ಟಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಎರಡು ದಿನ ಆಳುಗಳು ಬಂದು ಹೊರಗಿನ ಸಾಲನ್ನು ಮೊಣಕಾಲ ಎತ್ತರಕ್ಕೆ ಕಡಿದರು. ಕಡಿದ ಕಟ್ಟಿಗೆ ಟ್ರ್ಯಾಕ್ಟರ್ ತುಂಬಿ ಮರಿಯಮ್ಮನಹಳ್ಳಿ ಕಡೆಯ ಇದ್ದಿಲು ಭಟ್ಟಿಗೆ ಹೋಯಿತು. ತೆಗೆದದ್ದಕ್ಕೂ ದುಡ್ಡು, ಮಾರಿದ್ದಕ್ಕೂ ದುಡ್ಡು. ನಮ್ಮ ಬನ್ನಿ ಬೇರು ಸಮೇತ ಹೋಯಿತು, ಜಾಲಿಯ ಬೇರು ನೆಲದಲ್ಲಿ ಸುಖವಾಗಿ ಉಳಿಯಿತು. ನೆಲದ ಮೇಲಿನದನ್ನು ನೋಡಿ ಬಿಲ್ಲು ಬರೆಯುವವರಿಗೆ ನೆಲದ ಕೆಳಗಿನದು ಯಾಕೆ ಬೇಕು?

ನಾನು ಎದುರು ಮನೆಯ ಅಕ್ಕನನ್ನು ಕರೆದುಕೊಂಡು ಈ ಕಾಮಗಾರಿ ಮಾಡಿಸುವ ಇಂಜಿನಿಯರರ ಕಚೇರಿಗೆ ಹೋದೆ. ಅದು ನನ್ನ ಸ್ವಭಾವಕ್ಕೆ ಸಣ್ಣ ಕೆಲಸವಲ್ಲ. ಹೋಗುವಾಗ ಮುರಿದ ಬನ್ನಿಯ ಒಂದು ಟೊಂಗೆಯನ್ನೂ ಜಾಲಿಯ ಒಂದು ಟೊಂಗೆಯನ್ನೂ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಶಾಲೆಯಲ್ಲಿ ಎಲೆಗಳನ್ನು ಒಣಗಿಸಿ ಆಲ್ಬಮ್ಮಿಗೆ ಅಂಟಿಸುವಾಗ ಸಿಸ್ಟರು, ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಅದರ ಹೆಸರು ಬರೆಯಬೇಕು ಅನ್ನುತ್ತಿದ್ದರು. ಇಂಜಿನಿಯರ್ ಸಾಹೇಬರು ಟೊಂಗೆಗಳನ್ನು ಬೆಳಕಿಗೆ ಹಿಡಿಯುವುದಿರಲಿ, ಪೇಪರು ಬಿಚ್ಚಿ ನೋಡಲೂ ಇಲ್ಲ. ಟೇಬಲ್ ಮೇಲೆ ಮುಳ್ಳು ತರಬಾರದು ಎನ್ನುವಂತೆ ತಮ್ಮ ಮೊಬೈಲನ್ನು ಸ್ವಲ್ಪ ಈಚೆ ಸರಿಸಿಕೊಂಡರು.

"ಎರಡೂ ಒಂದೇ ಕುಲದ ಗಿಡ ಮೇಡಂ. ನೀವು ಓದಿದವ್ರು, ನಿಮಗ ಗೊತ್ತಿರಬೇಕು. ಎಸ್ಟಿಮೇಟಿನಾಗ ಮುಳ್ಳುಗಿಡ ಅಂತ ಐತಿ."

"ಬನ್ನಿ ಇಲ್ಲಿಯದ್ದೇ ಸರ್. ಜಾಲಿ ಹೊರಗಿಂದ ಬಂದಿದ್ದು. ನಿಮ್ಮ ಬೋರ್ಡಿನ ಮ್ಯಾಲೆ ಆಕ್ರಮಣಕಾರಿ ಅಂತ ಬರೆದಿದ್ದೀರಿ. ಬನ್ನಿ ಯಾರ ಮ್ಯಾಲೆ ಆಕ್ರಮಣ ಮಾಡಿತ್ತು?"

"ಮೇಡಂ, ಸೆಂಟಿಮೆಂಟ್ ಬ್ಯಾಡ."

"ಹೋಗಲಿ, ಜಾಲಿಯ ಬೇರು ಯಾಕೆ ತೆಗೆಸಲಿಲ್ಲ?"

"ಬೇರು ಈ ಅನುದಾನದಾಗ ಬರಂಗಿಲ್ರಿ. ಅದು ಲೆಕ್ಕದಾಗ ಬ್ಯಾರೆ ಹೆಡ್."

"ಬೇರು ತೆಗೆಯದಿದ್ದರೆ ಮಳೆ ಬಿದ್ದ ಕೂಡಲೇ ಮತ್ತೆ ಬರುತ್ತಲ್ಲ ಸರ್?"

"ಬರತೈತಿ," ಎಂದು ಅವರು ಶಾಂತವಾಗಿ ಒಪ್ಪಿಕೊಂಡರು. "ಅದಕ್ಕ ಎರಡನೇ ಹಂತ ಐತಿ."

ಎದುರು ಮನೆಯ ಅಕ್ಕ ಅಷ್ಟೊತ್ತೂ ಸುಮ್ಮನಿದ್ದವರು ಕಿಟಕಿಯ ಕಡೆ ಕೈ ತೋರಿಸಿದರು. ಕಚೇರಿಯ ಹಿಂದೆ ಬೆಳೆದ ಜಾಲಿಯ ಒಂದು ಎಳೆ ಕೊಂಬೆ ಕಿಟಕಿಯ ಕಂಬಿ ಹಾಯ್ದು ಒಳಗೆ ಬಂದು, ಕಡತಗಳ ಕಪಾಟಿನ ತಲೆ ಮುಟ್ಟುತ್ತಿತ್ತು. "ಸಾಹೇಬ್ರ, ಇದು ಯಾವ ಹಂತದಾಗ ಬರತೈತ್ರಿ?" ಎಂದರು. ಜವಾನ ನಕ್ಕುಬಿಟ್ಟ. ಸಾಹೇಬರು ನಗಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಸಂಡೂರಿನ ಹತ್ತಿರ ಯಶವಂತನಗರದ ಕಡೆ ಗಣಿಯ ಆಫೀಸಿನಲ್ಲಿದ್ದಾರೆ. ಕಂಪನಿ ಬಸ್ಸಿನಿಂದ ಇಳಿದರೆ ಕಾಲರಿನ ಒಳಗೆಲ್ಲ ಕೆಂಪು ಧೂಳು. ಅಂಗಿ ಬಿಚ್ಚುತ್ತ ಹೇಳಿದರು: "ಇದೇನು ಹೊಸದು ಅನ್ಕೊಂಡೀ? ಗುಡ್ಡದಾಗ ಲಂಟಾನದ ಪೊದಿ ತಗಿಯೂದೂ ಹಿಂಗ. ಮಳಿಗಾಲದಾಗ ಹಸರ ಇದ್ದಾಗ ಒಂದು ಫೋಟೊ, ಬ್ಯಾಸಿಗ್ಯಾಗ ಎಲಿ ಉದುರಿದಾಗ ಒಂದು ಫೋಟೊ. ಮೊದಲು, ಆಮೇಲೆ. ಯಾರೂ ಕುಡುಗೋಲು ಮುಟ್ಟಂಗಿಲ್ಲ." ಅವರಿಗೆ ಇದು ನಗುವ ವಿಷಯ. ನನಗೆ ಅವರ ಅಂಗಿ ನೆನೆಹಾಕಿದ ಬಕೆಟ್ಟಿನಲ್ಲಿ ನೀರು ಕೆಂಪಾಗುವುದನ್ನು ನೋಡುತ್ತ ನಿಂತಾಗ ನಗು ಬರಲಿಲ್ಲ. ಹಂಪಿಗೆ ನೆಂಟರನ್ನು ಕರೆದುಕೊಂಡು ಹೋದಾಗಲೂ ನೋಡಿದ್ದೇನೆ. ದೊಡ್ಡವರು ಬರುವ ದಿನ ಹಂಪಿ ಬಜಾರಿನ ಸಾಲುಮಂಟಪದ ಮುಂದೆ ಒಂದು ಮುಳ್ಳೂ ಇರುವುದಿಲ್ಲ. ಕಾರಿನ ಕಿಟಕಿಯಿಂದ ಎಷ್ಟು ಕಾಣುತ್ತದೋ ಅಷ್ಟು ಸ್ವಚ್ಛ. ಮಂಟಪದ ಹಿಂದೆ ಹೋಗಿ ನೋಡಿದರೆ ಕಲ್ಲುಕಂಬವನ್ನು ಜಾಲಿ ತಬ್ಬಿಕೊಂಡಿರುತ್ತದೆ.

ಮಳೆ ಬಿತ್ತು. ಒಂದು ಕಾಂಡ ಕಡಿದಲ್ಲಿ ಹತ್ತು ಕುಡಿ ಎದ್ದವು. ಮೊದಲು ಗಿಡದ ಕೆಳಗೆ ಬಗ್ಗಿಯಾದರೂ ಹೋಗಬಹುದಿತ್ತು, ಈಗ ಮೊಣಕಾಲಿನಿಂದಲೇ ಮುಳ್ಳು. ಯಜಮಾನರು ಹೊಸ ಹಗ್ಗ ಕಟ್ಟಿದರು. ಆದರೆ ಅತ್ತೆ ಅದನ್ನು ಹಿಡಿದು ಸೇತುವೆ ದಾಟಿ, ಮುಂದೆ ಕಾಲಿಡಲಾಗದೆ ಅಲ್ಲೇ ನಿಂತು, ಮರ ಇರುವ ದಿಕ್ಕಿಗೆ ತಂಬಿಗೆಯ ನೀರು ಚೆಲ್ಲಿ ಬರುತ್ತಿದ್ದರು. ಬಂದು ಪಡಸಾಲೆಯ ಕಂಬಕ್ಕೆ ಆತು ಕೂಡುತ್ತಿದ್ದರು. ಕಂಬದ ಮೇಲೆ ಅವರ ಅಂಗೈ ಸುಮ್ಮನೆ ಆಡುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಆ ಹಸಿರು ಬೋರ್ಡಿನ ಮೇಲೆ ಸಗಣಿ ಎರಚಬೇಕು ಅನ್ನಿಸುತ್ತಿತ್ತು. ಇಂಥ ಯೋಚನೆ ನನಗೆ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ನವರಾತ್ರಿ ಹತ್ತಿರ ಬಂದಾಗ ಓಣಿಯ ಹೆಂಗಸರು ಕೂಡಿದೆವು. ಕುಡುಗೋಲು, ಸಲಿಕೆ, ಹಾರೆ, ಯಾರ ಮನೆಯಲ್ಲಿ ಏನಿತ್ತೋ ಅದು. ಕಾಲಿಗೆ ಗಂಡಂದಿರ ಹಳೆಯ ಬೂಟು, ಕೈಗೆ ಗೋಣಿಚೀಲ ಸುತ್ತಿಕೊಂಡೆವು. ಕಡಿದು ಸುಮ್ಮನಾಗಲಿಲ್ಲ, ಬುಡದ ಸುತ್ತ ನೀರು ಹಾಕಿ ಮಣ್ಣು ನೆನೆಸಿ, ಹಾರೆಯಿಂದ ಮೀಟಿ ಬೇರು ಎಬ್ಬಿಸಿದೆವು. ಒಂದೊಂದು ಬೇರು ಹೊರಬಂದಾಗಲೂ ಎದುರು ಮನೆಯ ಅಕ್ಕ, "ಬಂತು ನೋಡ್ರಿ ಸಾಹೇಬ್ರ ಬ್ಯಾರೆ ಹೆಡ್ಡು!" ಎಂದು ಕೂಗುತ್ತಿದ್ದರು. ಸೇತುವೆಯಿಂದ ಬನ್ನಿಯ ತನಕ, ಬನ್ನಿಯ ಸುತ್ತ ಒಂದು ಅಂಗಳದಷ್ಟು ಜಾಗ ಬಯಲಾಯಿತು. ನಮ್ಮ ಕೈಗಳೆಲ್ಲ ಗೀರು.

ಕೊನೆಯ ದಿನ ಗುತ್ತಿಗೆದಾರನ ಕಡೆಯ ಒಬ್ಬ ಬೈಕಿನಲ್ಲಿ ಬಂದು ಮೊಬೈಲ್ ತೆಗೆದ. ನಮ್ಮ ಕೆಲಸ ನೋಡಿ ಪೇಪರಿಗೆ ಹಾಕುತ್ತಾರೇನೋ ಎಂದು ಎದುರು ಮನೆಯ ಅಕ್ಕ ಸೆರಗು ಸರಿಮಾಡಿಕೊಂಡು, ಹಾರೆ ನೆಟ್ಟಗೆ ಹಿಡಿದು ನಿಂತರು.

"ಅಕ್ಕಾರ, ಸ್ವಲ್ಪ ಬಾಜೂ ಸರೀರಿ. ಫೋಟೊದಾಗ ಬರ್ತೀರಿ."

"ಬರಾಕ ಅಲ್ಲೇನೋ ನಿಂತಿದ್ದು?"

"ಮನುಷ್ಯಾರು ಬ್ಯಾಡ್ರಿ. ಬರೇ ಜಾಗ ಸಾಕು."

ಎರಡು ದಿನದ ಮೇಲೆ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಆ ಫೋಟೊ ಬಂತು. ಕೆಳಗೆ ಬರೆದಿತ್ತು: 'ಜಾಲಿ ತೆರವು ಮೊದಲ ಹಂತ ಯಶಸ್ವಿ. ಎರಡನೇ ಹಂತಕ್ಕೆ ಅನುಮೋದನೆ.' ಹೂವಿನ ಚಿತ್ರ, ಚಪ್ಪಾಳೆಯ ಚಿತ್ರ ಸಾಲುಸಾಲು. ಫೋಟೊದ ಮೂಲೆಯಲ್ಲಿ ನನ್ನ ಕೆಂಪು ಬಕೆಟ್ಟು ಕಾಣುತ್ತಿತ್ತು. ಹಿಡಿಕೆ ಮುರಿದಿದ್ದಕ್ಕೆ ನಾನೇ ತಂತಿ ಸುತ್ತಿದ್ದ ಬಕೆಟ್ಟು. ನಾವು ಬೆವರಿಳಿಸಿ ಬೇರು ಕಿತ್ತ ಅಂಗಳ ಈಗ ಅವರ ಯಶಸ್ಸು. ಅದನ್ನು ತೋರಿಸಿ ಇನ್ನೊಂದು ಅನುದಾನ. ನಾನು ಆ ಗುಂಪಿನಲ್ಲಿ 'ಈ ಬಕೆಟ್ಟು ನಮ್ಮದು' ಎಂದಷ್ಟೇ ಬರೆದೆ. ಅದಕ್ಕೂ ಯಾರೋ ಚಪ್ಪಾಳೆ ತಟ್ಟಿದರು.

ಆಯುಧಪೂಜೆಯ ದಿನ ಗುತ್ತಿಗೆದಾರನೇ ಫೋನು ಮಾಡಿದ.

"ಅತ್ತಿಗಿ, ಹಬ್ಬ ಆದಮ್ಯಾಗ ಎರಡನೇ ಹಂತ ಶುರು ಮಾಡ್ತೀವಿ. ದೊಡ್ಡವ್ವಗ ನೀವ ತಿಳಿಸಿ ಹೇಳ್ರಿ. ಈ ಸಲ ಆ ಮರ ಬಿಡಾಕ ಆಗಂಗಿಲ್ಲ. ಪೂರಾ ತೆರವು ಅಂದಾರ ಸಾಹೇಬ್ರು. ನಾಳೆ ಬನ್ನಿ ಕೊಡಾಕ ಬರ್ತೀನಿ, ಆವಾಗ ನಾನೂ ಹೇಳ್ತೀನಿ."

ನಾನು ಅತ್ತೆಗೆ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅವರು ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದರು. ಕುಟ್ಟುವುದು ನಿಲ್ಲಿಸಲಿಲ್ಲ. "ಬನ್ನಿ ಹಿಡ್ಕೊಂಡು ಬರ್ತಾನಂತೇನು? ಬರ್ಲಿ. ಬನ್ನಿ ಕೊಡಾಕ ಬಂದಾವಂಗ ಇಲ್ಲ ಅನ್ನಾಕ ಬರಂಗಿಲ್ಲ," ಎಂದರು.

ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಎಲೆ ಬಂಗಾರವಾಗುತ್ತದೆ. ಸಣ್ಣವರು ದೊಡ್ಡವರ ಕೈಯಲ್ಲಿಟ್ಟು ಕಾಲಿಗೆ ಬೀಳುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರೂ ಅವತ್ತು ಬನ್ನಿ ಹಿಡಿದು ಬಂದರೆ ಬಾಗಿಲು ಹಾಕುವಂತಿಲ್ಲ, ಕೈ ಹಿಂದೆ ತೆಗೆದುಕೊಳ್ಳುವಂತಿಲ್ಲ. ಎಲೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರೆ ಜಗಳ ಮುಗಿಯಿತು ಎಂದೇ ಅರ್ಥ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅತ್ತೆ ಒಮ್ಮೆ ಬನ್ನಿ ತೆಗೆದುಕೊಂಡರೆ ಆಮೇಲೆ ಜೆಸಿಬಿಯ ಮುಂದೆ ಕೂಡುವವರಲ್ಲ.

ದೀಪ ಹಚ್ಚುವ ಹೊತ್ತಿಗೆ ಬಂದ. ಹೊಸ ಬಿಳಿ ಅಂಗಿ, ಹಣೆಗೆ ಉದ್ದ ಕುಂಕುಮ. ಕರವಸ್ತ್ರದ ಗಂಟು ಬಿಚ್ಚಿ ಒಂದು ಟೊಂಗೆ ತೆಗೆದು, ಎರಡೂ ಕೈಯಿಂದ ಅತ್ತೆಯ ಅಂಗೈಯಲ್ಲಿಟ್ಟ.

"ಬನ್ನಿ ತಗೊಂಡು ಬಂಗಾರದಂಗ ಇರೋಣ ದೊಡ್ಡವ್ವ."

ಅತ್ತೆಯ ಕೈ ಕಣ್ಣಿನ ಕಡೆ ಏಳತೊಡಗಿತು. ನಾನು ಹೋಳಿಗೆಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಲೈಟಿನ ಕೆಳಗೆ ಎಲೆ ಸ್ಪಷ್ಟವಾಗಿ ಕಂಡಿತು. ಗಿಣಿಹಸಿರು. ಬಾಚಣಿಗೆಯ ಹಲ್ಲಿನ ಹಾಗೆ ಉದ್ದುದ್ದ, ಬಿಡಿಬಿಡಿ ಎಸಳು. ಬನ್ನಿಯ ಎಸಳು ಗಿಡ್ಡ, ಒತ್ತೊತ್ತು, ಬೂದಿ ಉದುರಿದಂಥ ಹಸಿರು. ಬನ್ನಿಯ ಟೊಂಗೆಯಲ್ಲಿ ಅಲ್ಲೊಂದು ಇಲ್ಲೊಂದು ಗಂಟು, ಬಿಡಿ ಮುಳ್ಳು. ಈ ಟೊಂಗೆಯ ಗಿಣ್ಣಿನಲ್ಲಿ ಎರಡು ಉದ್ದ ಮುಳ್ಳು ಜೋಡಿಯಾಗಿ ಕೂತಿದ್ದವು.

"ಅತ್ತಿ, ಕಣ್ಣಿಗೆ ಒತ್ಕೋಬ್ಯಾಡ್ರಿ," ಎಂದೆ. ನನ್ನ ದನಿ ಪಕ್ಕದ ಬೆಂಚಿಗಲ್ಲ, ಬೀದಿಗೇ ಕೇಳಿಸಿತು. "ಅದು ಬನ್ನಿ ಅಲ್ಲ. ಜಾಲಿ."

ಅತ್ತೆಯ ಕೈ ನಿಂತಿತು. ಅವನು ನಕ್ಕ. "ಎಲ್ಲಾ ಒಂದ ಅಲ್ಲೇನ್ರಿ ಅತ್ತಿಗಿ, ಶಾಸ್ತ್ರಕ್ಕ. ಊರ ಬನ್ನಿಕಟ್ಟಿ ಹತ್ರ ಭಾಳ ಗದ್ದಲ ಇತ್ತು. ಇಲ್ಲೇ ದಂಡಿಮ್ಯಾಗ ಗಾಡಿ ನಿಂದ್ರಿಸಿ ಹರಕೊಂಡೆ."

"ಯಾವ ದಂಡಿಮ್ಯಾಲೆ?" ಎಂದೆ.

"ಇದ. ನಿಮ್ಮ ಹಿತ್ತಲದ್ದು."

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಕುಂಕುಮದ ಸುತ್ತ ಬೆವರು ಕಾಣಿಸಿತು. ನಾನು ತಟ್ಟೆಯನ್ನು ಕೆಳಗಿಟ್ಟೆ.

"ಅಲ್ಲಿ ಜಾಲಿನೇ ಇಲ್ಲ, ಎಲ್ಲಾ ತಗದೀನಿ ಅಂತ ಬಿಲ್ ತಗೊಂಡೀರಲ್ರಿ? ನಮ್ಮ ಬಕೆಟ್ಟಿನ ಫೋಟೊ ತೋರಿಸಿದ್ರಲ್ಲ? ಮತ್ತ ಈ ಎಲಿ ಎಲ್ಲಿಂದ ಬಂತು? ಇಷ್ಟು ವರ್ಷದಿಂದ ಜಾಲಿ ತಗಿಯೋ ಟೆಂಡರ್ ಹಿಡಿಯೋರು ನೀವು. ಜಾಲಿ ಯಾವುದು ಬನ್ನಿ ಯಾವುದು ಇನ್ನೂ ಗೊತ್ತಿಲ್ಲೇನ್ರಿ ನಿಮಗ? ಗೊತ್ತಿಲ್ಲದ ಕೈಗೆ ನಮ್ಮ ಮರ ಕೊಡಬೇಕೇನು?"

ಆ ಸಿಟ್ಟಿನಲ್ಲೂ ನನಗೆ 'ರಿ' ಬಿಡಲಾಗಲಿಲ್ಲ.

ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದಿದ್ದರು. ಹೆಬ್ಬೆರಳಿನಿಂದ ಆ ಜೋಡಿ ಮುಳ್ಳನ್ನು ಒಮ್ಮೆ ಸವರಿ, ಟೊಂಗೆಯನ್ನು ಅವನ ಅಂಗೈಗೆ ವಾಪಸು ಇಟ್ಟು, ಅವನ ಬೆರಳುಗಳನ್ನು ಮೆಲ್ಲಗೆ ಮಡಿಚಿದರು. "ಇದನ್ನ ಒಯ್ದು ನಿಮ್ಮ ಸಾಹೇಬ್ರಿಗೆ ಕೊಡು. ಅವರಿಗೆ ಇದ ಬಂಗಾರ. ನಡಿ ನನ್ನ ಜೋಡಿ."

ನೀಲಿ ಹಗ್ಗ ಹಿಡಿದು ಮುಂದೆ ಅತ್ತೆ, ಹಿಂದೆ ಪಾಲಿಶ್ ಮಾಡಿದ ಬೂಟಿನಲ್ಲಿ ಅವನು, ಅವನ ಹಿಂದೆ ಮೊಬೈಲಿನ ಬೆಳಕು ಹಿಡಿದು ನಾನು. ಮರದ ಹತ್ತಿರ ಅತ್ತೆ ಅವನ ಕೈ ಹಿಡಿದು ಕಾಂಡದ ನಯವಾದ ಜಾಗದ ಮೇಲೆ ಇಟ್ಟರು.

"ನೀ ಹೊಟ್ಟ್ಯಾಗಿದ್ದಾಗ ನಿಮ್ಮವ್ವ ನವರಾತ್ರಿಗೆ ಇಲ್ಲಿಗೇ ಬರ್ತಿದ್ಲು. ನನಗ ಕಣ್ಣಿಲ್ಲ, ಆದ್ರೂ ಕೈಗೆ ಗೊತ್ತಾಗತೈತಿ. ನಿನಗ ಎರಡೂ ಅದಾವ. ಈಗ ಹೇಳು, ಯಾವುದು ತಗೀತಿ?"

ಅವನು ಕೈ ಎತ್ತಿ, ಈ ಸಲ ನೋಡಿ, ಒಂದು ಎಲೆ ಕಿತ್ತು ಅತ್ತೆಯ ಕೈಯಲ್ಲಿಟ್ಟ. ಬಂಗಾರದ ಮಾತು ಆಡಲಿಲ್ಲ. "ಈ ಮರ ಮುಟ್ಟಂಗಿಲ್ಲ ದೊಡ್ಡವ್ವ, ನಿನ್ನಾಣಿ," ಎಂದ. ಅತ್ತೆ ಎಲೆಯನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಅವನಿಗೆ ಹೋಳಿಗೆ ಹಾಕಿದೆ, ತುಪ್ಪವನ್ನೂ ಹಾಕಿದೆ.

ಎರಡನೇ ಹಂತ ಬಂದು ಹೋಯಿತು. ಜೆಸಿಬಿ ಬನ್ನಿಯನ್ನು ಬಿಟ್ಟು ಸುತ್ತಿಕೊಂಡು ಹೋಯಿತು, ಆಣೆ ಉಳಿಯಿತು. ಜಾಲಿಯನ್ನು ಮತ್ತೆ ಮೊಣಕಾಲ ಎತ್ತರಕ್ಕೇ ಕಡಿದರು, ಮತ್ತೆ ಟ್ರ್ಯಾಕ್ಟರು, ಮತ್ತೆ ಭಟ್ಟಿ. ಮರ ಉಳಿಯಿತಲ್ಲ, ಇನ್ನೂ ಯಾಕೆ ಕುದಿಯುತ್ತೀ ಎಂದು ಯಜಮಾನರು ಕೇಳುತ್ತಾರೆ. ಕಂಪ್ಲಿಗೆ ಬಸ್ಸಿನಲ್ಲಿ ಹೋಗುವಾಗ ಬಾಳೆತೋಟಗಳ ಆಚೆ ಅದೇ ಹಸಿರು ಬೋರ್ಡುಗಳು ಕಾಣುತ್ತವೆ. ಅವುಗಳ ಸುತ್ತ ಬಯಲು, ಬೇರು ಮೇಲಾದ ಮರಗಳು. ಅವು ಏನೇನು ಮರವೋ ಬಸ್ಸಿನಿಂದ ಗೊತ್ತಾಗುವುದಿಲ್ಲ. ನಮ್ಮ ಬನ್ನಿ ಉಳಿದದ್ದು ಯಾವ ಕಾನೂನಿನಿಂದಲೂ ಅಲ್ಲ, ಯಾವ ಸಾಹೇಬರು ಕಣ್ಣು ತೆರೆದು ನೋಡಿದ್ದರಿಂದಲೂ ಅಲ್ಲ. ಗುತ್ತಿಗೆದಾರನಿಗೆ ಒಬ್ಬ ದೊಡ್ಡವ್ವ ಇದ್ದದ್ದರಿಂದ. ದೊಡ್ಡವ್ವ ಇಲ್ಲದ ಮರಗಳು ಏನು ಮಾಡಬೇಕು?

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಅತ್ತೆ ಹಗ್ಗ ಹಿಡಿದು ಹೋದವರು ಬೇಗ ವಾಪಸು ಬಂದರು. "ಮರಕ್ಕ ಏನೋ ಬಡದಾರವ್ವ, ಕೈಗೆ ತಗಡು ಹತ್ತಿತು," ಎಂದರು. ಹೋಗಿ ನೋಡಿದೆ. ಹೊಸ ಬೋರ್ಡು. 'ಜಾಲಿ ಮುಕ್ತ ಪ್ರದೇಶ'. ಗುಂಡಿ ತೋಡುವ ಕೂಲಿ ಉಳಿಸಲು ಬನ್ನಿಯ ಕಾಂಡಕ್ಕೇ ನಾಲ್ಕು ಮೊಳೆ ಹೊಡೆದಿದ್ದರು, ಸರಿಯಾಗಿ ಅತ್ತೆಯ ಅಂಗೈ ತಾಗುವ ಎತ್ತರಕ್ಕೆ. ಮೊಳೆಯ ಸುತ್ತ ಅಂಟು ಹೊರಬಂದು ಹನಿಗಟ್ಟಿತ್ತು.

ಮನೆಗೆ ಬಂದು ಸುತ್ತಿಗೆ ತೆಗೆದುಕೊಂಡು ಹೋದೆ. ಅದರ ಹಿಂದಿನ ಕವಲಿನಿಂದ ಒಂದೊಂದೇ ಮೊಳೆ ಮೀಟಿ ತೆಗೆದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು, ಒಬ್ಬರು "ಸರ್ಕಾರದ ಬೋರ್ಡ್ರಿ ಅದು" ಎಂದರು. ನಾನು ತಿರುಗಿ ನೋಡಲಿಲ್ಲ. ತೂತುಗಳಿಗೆ ಅರಿಶಿನ ಮೆತ್ತಿದೆ. ಬೋರ್ಡನ್ನು ಎಳೆದುಕೊಂಡು ಹೋಗಿ, ಆಗಲೇ ಕೆಂಪು ಚಿಗುರು ಬಿಟ್ಟಿದ್ದ ಜಾಲಿಯ ಬೊಡ್ಡೆಯೊಂದಕ್ಕೆ ಒರಗಿಸಿ ಬಂದೆ. ಆಮೇಲೆ ಅತ್ತೆಯನ್ನು ಕರೆದೆ. ಅವರು ತಂಬಿಗೆ ತುಂಬಿಕೊಂಡು, ಹಗ್ಗ ಹಿಡಿದು, ಒಬ್ಬರೇ ಹೊರಟರು.